ಮ್ಯೂಸ್‌ಸ್ಕೋರ್ 4ರಲ್ಲಿ ಹಾರ್ಮೋನಿಯಂ, ತಬಲಾ, ತಂಬೂರಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಮುಂಬಯಿ, ಪುಣೆಯ ಕನ್ನಡ ಸಂಘಗಳ ವೃಂದಗಾನಕ್ಕೆ ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಯಾಕೆ ಅಂತ ಕೇಳುವವರಿದ್ದಾರೆ. ಹಾಡುವವರಿಗೆ ಸರಿಗಮ ಸಾಕು, ನಿಜ. ಆದರೆ ಕಾರ್ಯಕ್ರಮಕ್ಕೆ ಕರೆಸುವ ವಯಲಿನ್, ಚೆಲ್ಲೊದವರು ಓದುವುದು ಐದು ಗೆರೆಯನ್ನೇ. ಹಿಂದಿ ಸಿನಿಮಾ ವಾದ್ಯವೃಂದಗಳಿಗೆ ಗೋವಾದ ಅರೇಂಜರ್‌ಗಳು ಬರೆದುಕೊಡುತ್ತಿದ್ದ ಕಾಲದಿಂದಲೂ ಇಲ್ಲಿನ ರೂಢಿ ಅದು.

ಬರೆಯುವುದಕ್ಕೆ ಮ್ಯೂಸ್‌ಸ್ಕೋರ್ 4 ಎಂಬ ನೊಟೇಶನ್ ತಂತ್ರಾಂಶ ಧಾರಾಳವಾಗಿ ಸಾಕು, ಉಚಿತ ಕೂಡ. 2022ರ ಡಿಸೆಂಬರ್‌ನಲ್ಲಿ ಬಂದದ್ದು. ಪಾಶ್ಚಾತ್ಯ ವಾದ್ಯಗಳಿಗೆ ಮ್ಯೂಸ್ ಹಬ್ ಎಂಬ ಜತೆ ತಂತ್ರಾಂಶದ ಮೂಲಕ ಇಳಿಸಿಕೊಳ್ಳುವ ಮ್ಯೂಸ್ ಸೌಂಡ್ಸ್ ತಂತಿವಾದ್ಯ, ಕೋರಸ್ ದನಿಗಳು ಪುಕ್ಕಟೆ ಸಿಗುವುದೇ ಆಶ್ಚರ್ಯ. ಜಿಬಿಗಟ್ಟಲೆ ಡೌನ್‌ಲೋಡ್ ಆಗುತ್ತವೆ, ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಕೂರಬೇಡಿ. ಅದರ ಬಗ್ಗೆ ಇಷ್ಟೇ. ತಕರಾರು ಶುರುವಾಗುವುದು ನಮ್ಮ ವಾದ್ಯಗಳಲ್ಲಿ.

ಎಲೆಕ್ಟ್ರಾನಿಕ್ ವಾದ್ಯಗಳು ಅನುಸರಿಸುವ ಜನರಲ್ ಮಿಡಿ ಎಂಬ ಪ್ರಮಾಣಿತ ಪಟ್ಟಿಯ 128 ದನಿಗಳಲ್ಲಿ ಸಿತಾರ್ 105ನೆಯದು, ಶಹನಾಯಿ 112ನೆಯದು. ಹಾರ್ಮೋನಿಯಂ ಇಲ್ಲ, ಹತ್ತಿರದ್ದೆಂದರೆ 21ನೆಯ ರೀಡ್ ಆರ್ಗನ್. ತಬಲಾ, ತಂಬೂರಿ, ವೀಣೆಯ ಮಾತೇ ಇಲ್ಲ. ಹಾಗಾಗಿ ಸೌಂಡ್‌ಫಾಂಟ್, ಅಂದರೆ ವಾದ್ಯದ ದನಿಯ ರೆಕಾರ್ಡ್ ಮಾಡಿದ ತುಣುಕುಗಳಿರುವ (ಸ್ಯಾಂಪಲ್) ಫೈಲು, ಹಾಕಿಕೊಳ್ಳಲೇಬೇಕು. ಎಸ್‌ಎಫ್2 ಅಥವಾ ಎಸ್‌ಎಫ್3 ಫೈಲನ್ನು ಡಾಕ್ಯುಮೆಂಟ್ಸ್ ಒಳಗಿನ ಮ್ಯೂಸ್‌ಸ್ಕೋರ್4 ಫೋಲ್ಡರ್‌ನ ಸೌಂಡ್‌ಫಾಂಟ್ಸ್‌ಗೆ ಹಾಕಿ, ತಂತ್ರಾಂಶವನ್ನು ಒಮ್ಮೆ ಮುಚ್ಚಿ ತೆರೆಯಿರಿ. ಎಫ್10 ಒತ್ತಿದರೆ ಮಿಕ್ಸರ್. ವಾದ್ಯದ ಪಟ್ಟಿಯಲ್ಲಿ ಸೌಂಡ್ ಎಂಬಲ್ಲಿ ಸೌಂಡ್‌ಫಾಂಟ್ಸ್, ಅದರೊಳಗೆ ನಿಮ್ಮ ಫೈಲು, ಅದರೊಳಗೆ ಬೇಕಾದ ದನಿ. ತಾನೇ ಆರಿಸಿಕೊಳ್ಳಲಿ ಅಂತ ಬಿಟ್ಟರೆ ಅದು ಮಿಡಿ ನಂಬರ್ ನೋಡಿ ಯಾವುದನ್ನೋ ಹಿಡಿಯುತ್ತದೆ. ದನಿಯನ್ನು ಹೆಸರಿಟ್ಟೇ ಆರಿಸಿ. ಹಳೆಯ 3ನೇ ಆವೃತ್ತಿಯಲ್ಲಿ ಎಸ್‌ಎಫ್‌ಝಡ್ ಎಂಬ ಇನ್ನೊಂದು ಬಗೆಯ ದನಿ ಫೈಲುಗಳೂ ನಡೆಯುತ್ತಿದ್ದವು, 4ರಲ್ಲಿ ಆ ಸೌಲಭ್ಯ ತೆಗೆದುಹಾಕಿದ್ದಾರೆ. ದನಿ ಕೊಡುವ ಹೊರಗಿನ ತಂತ್ರಾಂಶಗಳಲ್ಲಿ ವಿಎಸ್‌ಟಿ3 ಪ್ಲಗಿನ್‌ಗಳು ನಡೆಯುತ್ತವೆ, ವಿಎಸ್‌ಟಿ2 ನಡೆಯುವುದಿಲ್ಲ.

ಅಂತರ್ಜಾಲದಲ್ಲಿ ಸಿಗುವ ಹಾರ್ಮೋನಿಯಂ ಫಾಂಟ್‌ಗಳಲ್ಲಿ ಸಾಮಾನ್ಯ ದೋಷ ಒಂದಿದೆ: ಉದ್ದ ಸ್ವರ ನಡುವೆಯೇ ನಿಂತುಹೋಗುತ್ತದೆ. ನಿಮಿಷಕ್ಕೆ 60ರ ಲಯದಲ್ಲಿ ನಾಲ್ಕು ಮಾತ್ರೆಯ ನಾಲ್ಕು ಬಾರ್ ಹಿಡಿದರೆ 16 ಸೆಕೆಂಡ್. ಸ್ಯಾಂಪಲ್ ಇರುವುದು ಐದೇ ಸೆಕೆಂಡ್ ಆಗಿ, ಅದರ ಒಂದು ಭಾಗ ಮತ್ತೆ ಮತ್ತೆ ನುಡಿಯುವಂತೆ ಲೂಪ್ ಹಾಕಿಲ್ಲದಿದ್ದರೆ ಆರನೇ ಸೆಕೆಂಡಿಗೆ ಮೌನ. ಪಾಲಿಫೋನ್ ಎಂಬ ಉಚಿತ ಎಡಿಟರ್‌ನಲ್ಲಿ ಫಾಂಟ್ ತೆರೆದು ಲೂಪ್ ಪ್ಲೇಬ್ಯಾಕ್ ಆನ್ ಮಾಡಿ. ಲೂಪಿನ ಆರಂಭ, ಅಂತ್ಯ ಎರಡನ್ನೂ ಅಲೆ ಶೂನ್ಯ ಗೆರೆಯನ್ನು ಒಂದೇ ದಿಕ್ಕಿನಲ್ಲಿ ದಾಟುವ ಜಾಗದಲ್ಲಿಡಿ. ಕೂದಲೆಳೆ ತಪ್ಪಿದರೂ ಪ್ರತಿ ಸುತ್ತಿಗೆ 'ಟಿಕ್' ಅನ್ನುತ್ತದೆ. ಲೂಪ್ ತೀರಾ ಚಿಕ್ಕದಾದರೆ ಬೆಲ್ಲೋಸಿನ ಉಸಿರೇ ಹೋಗಿ ಡೋರ್‌ಬೆಲ್ ಆಗುತ್ತದೆ. ಒಂದು ಸೆಕೆಂಡಿಗಿಂತ ಉದ್ದವಿರಲಿ.

ತಂಬೂರಿಗೆ ತದ್ವಿರುದ್ಧ ಕಾಯಿಲೆ. ಮೀಟಿದ ತಂತಿ ಮುಂದಿನ ಮೀಟಿನ ಮೇಲೂ ಝೇಂಕರಿಸುತ್ತಿರಬೇಕು, ಆದರೆ ಸ್ವರದ ಮಾತ್ರೆ ಮುಗಿದಕೂಡಲೇ ಫಾಂಟ್ ದನಿಯನ್ನು ಕತ್ತರಿಸುತ್ತದೆ. ಪ-ಸ-ಸ-ಸ ಅಂತ ನಾಲ್ಕು ಕ್ವಾರ್ಟರ್ ನೋಟ್ ಬರೆದರೆ ಕೇಳುವುದು ನಾಲ್ಕು ತುಂಡು. ಪಾಲಿಫೋನ್‌ನಲ್ಲಿ ವಾಲ್ಯೂಮ್ ಎನ್ವೆಲಪ್‌ನ ರಿಲೀಸ್ (ಸ್ವರ ಮುಗಿದ ಮೇಲೆ ದನಿ ಆರಲು ಹಿಡಿಯುವ ಸಮಯ) ಅನ್ನು 2ರಿಂದ 3 ಸೆಕೆಂಡಿಗೆ ಏರಿಸಿದರೆ ಒಂದರೊಳಗೊಂದು ಬೆರೆಯುತ್ತದೆ. ಅದಕ್ಕಿಂತ ಹೆಚ್ಚಿಸಿದರೆ ಹಾಡು ಮುಗಿದ ಮೇಲೂ ಗುಂಯ್ ಅನ್ನುತ್ತಿರುತ್ತದೆ.

ತಬಲಾದಲ್ಲಿ ಬಹಳ ಜನ ಎಡವುವುದು ಬ್ಯಾಂಕ್ (ಫಾಂಟಿನೊಳಗೆ ದನಿಗಳನ್ನು ಜೋಡಿಸಿಟ್ಟ ಗುಂಪು) ನಂಬರಿನಲ್ಲಿ. ತಾಳವಾದ್ಯದ ಸ್ಟಾಫ್ ತನ್ನ ದನಿಯನ್ನು ಹುಡುಕುವುದು 128ನೇ ಬ್ಯಾಂಕ್‌ನಲ್ಲಿ. ತಬಲಾ ಫಾಂಟ್ ಮಾಡಿದವರು ಬೋಲುಗಳನ್ನು ಬ್ಯಾಂಕ್ 0ಯಲ್ಲಿ ಇಟ್ಟಿದ್ದರೆ 'ಧಾ' ಬರೆದ ಕಡೆ ಡ್ರಮ್ ಕೇಳಬಹುದು, ಇಲ್ಲವೇ ಏನೂ ಕೇಳದಿರಬಹುದು. ಪಾಲಿಫೋನ್‌ನಲ್ಲಿ ಬ್ಯಾಂಕ್ ಬದಲಿಸಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಮಾಮೂಲಿ ಟ್ರೆಬಲ್ ಕ್ಲೆಫ್‌ನ ವಾದ್ಯ ತೆಗೆದುಕೊಂಡು, ಮಿಕ್ಸರ್‌ನಲ್ಲಿ ತಬಲಾ ಆರಿಸಿ, ಯಾವ ಕೀಲಿಗೆ ನಾ, ಯಾವುದಕ್ಕೆ ತಿನ್, ಯಾವುದಕ್ಕೆ ಗೇ ಎಂದು ಒಮ್ಮೆ ನುಡಿಸಿ ನೋಡಿ ಚೀಟಿ ಬರೆದಿಟ್ಟುಕೊಳ್ಳಿ. ಪ್ರತಿ ಫಾಂಟಿಗೂ ಇದು ಬೇರೆ. ಮುದ್ರಿಸುವಾಗ ಆ ಸ್ಟಾಫ್ ಮರೆಮಾಡಿ, ತಬಲಾದವರು ಅದನ್ನು ಹೇಗೂ ನೋಡುವುದಿಲ್ಲ.

ಗಮಕ ನಿರೀಕ್ಷಿಸಬೇಡಿ. ಮೀಂಡ್‌ಗೆ ಗ್ಲಿಸಾಂಡೊ ಗೆರೆ ಹಾಕಿ ಪ್ರಾಪರ್ಟೀಸ್‌ನಲ್ಲಿ ಪೋರ್ಟಮೆಂಟೊ ಆರಿಸಿದರೆ ಜಾರಿದಂತಾದರೂ ಆಗುತ್ತದೆ. ಕ್ರೊಮ್ಯಾಟಿಕ್ ಆಯ್ಕೆಯಲ್ಲೇ ಬಿಟ್ಟರೆ ಮೆಟ್ಟಿಲು ಹತ್ತಿದಂತೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ವಿಷಯ: ಮಿಕ್ಸರ್‌ನಲ್ಲಿ ನೀವು ಮಾಡಿದ ಆಯ್ಕೆ ಸ್ಕೋರ್ ಫೈಲಿನಲ್ಲಿ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಡೊಂಬಿವಲಿಯ ಮನೆಯಲ್ಲಿ ಬರೆದ ಎಂಎಸ್‌ಸಿಝಡ್ (ಮ್ಯೂಸ್‌ಸ್ಕೋರ್‌ನ ಸ್ಕೋರ್) ಫೈಲನ್ನು ಮಾಟುಂಗದ ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ, ಅಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಬೇರೆಯೇ ದನಿ ಬರುತ್ತದೆ. ಫಾಂಟಿನ ಹೆಸರು ಬದಲಿಸಬೇಡಿ, ಸ್ಕೋರ್ ಜತೆಗೇ ಪೆನ್‌ಡ್ರೈವ್‌ಗೆ ಹಾಕಿ. ಪಾಲಿಫೋನ್‌ನಲ್ಲಿ ತಿದ್ದಿದ ಪ್ರತಿಯನ್ನು ಮೂಲದ ಮೇಲೆ ಉಳಿಸದೆ 'ತಂಬೂರಿ-2' ಎಂಬಂತೆ ಬೇರೆ ಹೆಸರು ಕೊಡಿ, ಇಲ್ಲವಾದರೆ ಹಳೆಯ ಸ್ಕೋರುಗಳ ದನಿಯೂ ಬದಲಾಗುತ್ತದೆ. ಕುಗ್ಗಿಸಿದ ರೂಪದ ಎಸ್‌ಎಫ್3 ಡಿಸ್ಕ್ ಜಾಗ ಉಳಿಸುತ್ತದಷ್ಟೇ, ನುಡಿಸುವಾಗ ಬಿಚ್ಚಿಕೊಳ್ಳಲೇಬೇಕು. 8 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ದೊಡ್ಡ ಫಾಂಟ್ ನಾಲ್ಕಾರು ಪೇರಿಸಬೇಡಿ. ಹಾರ್ಮೋನಿಯಂ, ತಬಲಾ, ತಂಬೂರಿಗೆ ಒಂದೊಂದೇ ಸಾಕು.

ವಾಟ್ಸಾಪ್‌ಗೆ ಒಂದೊಂದು ಧ್ವನಿಯ ಅಭ್ಯಾಸದ ಎಂಪಿ3 ಮಾಡುವಾಗ ಇತರ ಧ್ವನಿಗಳನ್ನು ಪೂರ್ತಿ ಮ್ಯೂಟ್ ಮಾಡುವ ಬದಲು ಸುಮಾರು 12 ಡೆಸಿಬಲ್ ಇಳಿಸಿ. ತಂಬೂರಿಯನ್ನು ಮಾತ್ರ ಇದ್ದಲ್ಲೇ ಬಿಡಿ.