ಅನ್ನ ಉಕ್ಕಿಸಿದ ರಿಕಿ, ಉಪ್ಪಿನಕಾಯಿ ತಿಂದ ಆಂಡಿ

ಕಳೆದ ಮಳೆಗಾಲದಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು, ಕಾಲಿಗೆ ಪಟ್ಟಿ ಹಾಕಿಸಿಕೊಂಡು ಆರು ವಾರ ನಮ್ಮ ಮನೆಯಲ್ಲಿದ್ದಳು. ಧಾರಾವಾಹಿಯ ಅತ್ತೆಯಂದಿರು ಹಾಲಿಗೆ ವಿಷ ಬೆರೆಸುವುದನ್ನು ನೋಡಿ ನೋಡಿ ಅವಳಿಗೇ ಸಾಕಾಗಿತ್ತು. "ಯಾರೂ ಯಾರನ್ನೂ ಕೊಲ್ಲದ್ದು ಏನಾದರೂ ಇದ್ದರೆ ಹಾಕು" ಎಂದಳು. ನನ್ನ ಬಳಿ ಇದ್ದದ್ದು ಅಮೆರಿಕದಲ್ಲಿರುವ ತಮ್ಮ ಎಂದೋ ತಂದುಕೊಟ್ಟಿದ್ದ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಡಿವಿಡಿಗಳು. ಐದು ಹಳೆಯ ಕಪ್ಪು-ಬಿಳುಪು ಹಾಸ್ಯ ಧಾರಾವಾಹಿಗಳು. ರಾತ್ರಿ ಊಟವಾದ ಮೇಲೆ ಎರಡೆರಡು ಕಂತಿನಂತೆ ನೋಡುತ್ತ ಹೋದೆವು: ಇಂಗ್ಲಿಷ್ ಬಾರದ ಅಮ್ಮ, ದ್ವಿತೀಯ ಪಿಯುಸಿಯ ಮಗಳು, ನಡುವೆ ದುಭಾಷಿಯಾಗಿ ನಾನು.

ಇವುಗಳಲ್ಲಿ ಒಂದನ್ನೂ ನಾನು ಚಿಕ್ಕಂದಿನಲ್ಲಿ ಕಂಡವಳಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. ಆ ಹೊತ್ತಿಗೆ ಇವುಗಳಲ್ಲಿ ಮೊದಲನೆಯದಾದ 'ಐ ಲವ್ ಲೂಸಿ'ಯ ಆಟ ಮುಗಿದು 24 ವರ್ಷವಾಗಿತ್ತು. ಆದ್ದರಿಂದ ಹಳೆಯ ನೆನಪಿನ ಮಮಕಾರದಿಂದ ಯಾವುದಕ್ಕೂ ಹೆಚ್ಚು ಅಂಕ ಕೊಟ್ಟಿಲ್ಲ. ನೋಡಲು ಕೂರುವ ಮೊದಲು ಮಾಡಬೇಕಾದ ಕೆಲಸ ಒಂದೇ. ಈಗಿನ ಟಿವಿ ಹಳೆಯ ಚೌಕದ ಚಿತ್ರವನ್ನು ತನ್ನಗಲಕ್ಕೆ ಎಳೆದುಬಿಡುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ಮೊದಲ ರಾತ್ರಿ ನಮಗೆ ಗೊತ್ತಾಗದೆ, ಎಲ್ಲರ ಮುಖವೂ ಇಡ್ಲಿಯಂತೆ ಊದಿಕೊಂಡಿತ್ತು.

ಈ ಐದನ್ನೂ ಸೌಮ್ಯ ಹಾಸ್ಯವೆಂದು ಒಂದೇ ಬುಟ್ಟಿಗೆ ಹಾಕುವುದು ವಾಡಿಕೆ. ಒಂದೆರಡು ವಾರದಲ್ಲೇ ನನಗೆ ಅದು ಸರಿಯೆನಿಸಲಿಲ್ಲ. ಐದರಲ್ಲೂ ಯಾರಾದರೊಬ್ಬರು ಪೇಚಿಗೆ ಸಿಕ್ಕಿ ಬೀಳುತ್ತಾರೆ. ಬಿದ್ದವರ ಮಾನವನ್ನು ಉಳಿದವರು ಏನು ಮಾಡುತ್ತಾರೆ ಎಂಬಲ್ಲಿ ಒಂದಕ್ಕೊಂದಕ್ಕೆ ಅಜಗಜಾಂತರ.

'ಐ ಲವ್ ಲೂಸಿ' (1951–57) ಮೊದಲು ಹಾಕಿದೆ. ಎಪ್ಪತ್ತು ವರ್ಷ ಹಳೆಯದಾದರೂ ಚಿತ್ರ ಕನ್ನಡಿಯಂತಿದೆ. ಆ ಕಾಲದ ಎಷ್ಟೋ ಕಾರ್ಯಕ್ರಮಗಳು ನೇರ ಪ್ರಸಾರವಾಗುತ್ತಿದ್ದವು. ಉಳಿದಿದ್ದರೆ ಟಿವಿ ಪರದೆಯನ್ನೇ ಚಿತ್ರೀಕರಿಸಿದ ಮಸುಕು ಪ್ರತಿ ಉಳಿದಿರುತ್ತದೆ. ಲೂಸಿಲ್ ಬಾಲ್ ಮತ್ತು ಅವಳ ಗಂಡ ದೇಸಿ ಅರ್ನಾಜ್ ಮಾತ್ರ 35 ಎಂಎಂ ಫಿಲ್ಮ್, ಮೂರು ಕ್ಯಾಮೆರಾ, ಎದುರಿಗೆ ನಿಜವಾದ ಪ್ರೇಕ್ಷಕರು ಎಂದು ಹಟ ಹಿಡಿದರು. ಜರ್ಮನಿಯ ಮೂಕಿ ಚಿತ್ರಗಳಲ್ಲಿ ಪಳಗಿದ್ದ ಕಾರ್ಲ್ ಫ್ರಾಯಿಂಡ್ ಅದಕ್ಕೆ ಬೆಳಕು ಕಟ್ಟಿದ. ಹಾಗಾಗಿ ಇಲ್ಲಿ ಕೇಳುವ ನಗು ಅಂದು ಆ ಸಭಾಂಗಣದಲ್ಲಿ ಕುಳಿತಿದ್ದವರದೇ.

ಚಾಕೊಲೇಟ್ ಕಾರ್ಖಾನೆಯ ಕಂತನ್ನು (1952) ಎಲ್ಲರೂ ಹೊಗಳುತ್ತಾರೆ. ಲೂಸಿ, ಅವಳ ಗೆಳತಿ ಎಥೆಲ್ ಇಬ್ಬರೂ ಸರಿಯುವ ಪಟ್ಟಿಯ ಮುಂದೆ ನಿಂತು ಚಾಕೊಲೇಟ್‌ಗಳಿಗೆ ಕಾಗದ ಸುತ್ತಬೇಕು. ಪಟ್ಟಿಯ ವೇಗ ಏರುತ್ತದೆ. ಸುತ್ತಲಾಗದ್ದು ಬಾಯಿಗೆ, ಟೋಪಿಯೊಳಕ್ಕೆ, ರವಿಕೆಯೊಳಕ್ಕೆ. ಮೇಲ್ವಿಚಾರಕಿ ಬಂದು ನೋಡುತ್ತಾಳೆ, ಪಟ್ಟಿ ಖಾಲಿ, ಎಲ್ಲ ಸರಿಯಾಗಿದೆ ಎಂದುಕೊಂಡು ಇನ್ನಷ್ಟು ಜೋರಾಗಿ ಬಿಡಲು ಹೇಳುತ್ತಾಳೆ. ಮಗಳು ನಕ್ಕಳು. ಅಮ್ಮ ನಗಲಿಲ್ಲ, "ಪಾಪ, ಹೊಟ್ಟೆ ಕೆಡುತ್ತದೆ" ಎಂದಳು. ಅವಳು ಬಿದ್ದು ಬಿದ್ದು ನಕ್ಕದ್ದು ಅದೇ ಕಂತಿನ ಇನ್ನೊಂದು ದೃಶ್ಯಕ್ಕೆ. ಹೆಂಡಂದಿರು ದುಡಿಯಲು ಹೋಗಿದ್ದಾರೆ, ಗಂಡಂದಿರಿಗೆ ಅಡುಗೆಮನೆ. ಲೂಸಿಯ ಗಂಡ ರಿಕಿ ಅಳತೆಯಿಲ್ಲದೆ ಅಕ್ಕಿ ಸುರಿದಿದ್ದಾನೆ. ಅನ್ನ ಉಕ್ಕುತ್ತದೆ, ಪಾತ್ರೆಯಿಂದ ಒಲೆಗೆ, ಒಲೆಯಿಂದ ನೆಲಕ್ಕೆ. ತಡೆಯಲು ಹೋದವನು ಅದರ ಮೇಲೇ ಜಾರುತ್ತಾನೆ. ಜಾರಿ ಬಿದ್ದು ಕಾಲು ಮುರಿದುಕೊಂಡವಳು ಅಷ್ಟು ನಗುವುದನ್ನು ಕಂಡು ನನಗೇ ಗಾಬರಿಯಾಯಿತು. ಈ ದೃಶ್ಯಕ್ಕೆ ನಾನು ಒಂದು ಪದವನ್ನೂ ಅನುವಾದಿಸಬೇಕಾಗಲಿಲ್ಲ.

ಆದರೆ ಲೂಸಿಯದು ಒರಟು ಲೋಕ. ಗಂಡ ಹೆಂಡತಿಯನ್ನು ಮಗುವಿನಂತೆ ತೊಡೆಯ ಮೇಲೆ ಬೋರಲು ಹಾಕಿ ಹೊಡೆಯುವ ದೃಶ್ಯಗಳಿವೆ, ಅದಕ್ಕೂ ಪ್ರೇಕ್ಷಕರ ನಗು ಇದೆ. ಮಗಳು ರಿಮೋಟ್ ಕಿತ್ತುಕೊಂಡದ್ದು ಅಲ್ಲಿ. ಇನ್ನೊಂದು ಕಡೆ ಮಡಿವಂತಿಕೆಯೋ ಮಡಿವಂತಿಕೆ: ಲೂಸಿ ನಿಜಕ್ಕೂ ಬಸುರಿಯಾಗಿದ್ದಾಗ ಅದನ್ನೇ ಕತೆಯಾಗಿಸಿದರು, ಆದರೆ 'ಬಸುರಿ' ಎನ್ನುವ ಪದ ಬಳಸುವಂತಿರಲಿಲ್ಲ. ಗಂಡಹೆಂಡಿರಿಗೆ ಬೇರೆ ಬೇರೆ ಮಂಚ. "ಮತ್ತೆ ಮಗು ಹೇಗಾಯಿತಂತೆ?" ಎಂದು ಅಮ್ಮ ಕೇಳಿದಳು, ಮೊಮ್ಮಗಳು ಪಕ್ಕದಲ್ಲೇ ಇದ್ದದ್ದನ್ನು ಮರೆತು.

'ದಿ ಹನಿಮೂನರ್ಸ್' ಮುಖ್ಯವಾಗಿ 1955–56ರ 39 ಕಂತುಗಳ ಸರಕು. ಬ್ರೂಕ್ಲಿನ್‌ನ ಬಸ್ ಚಾಲಕ ರಾಲ್ಫ್, ಚರಂಡಿ ಕೆಲಸದ ಗೆಳೆಯ ನಾರ್ಟನ್, ಒಂದು ಮೇಜು, ಒಂದು ಐಸ್ ಪೆಟ್ಟಿಗೆ. ಬಡತನವನ್ನು ಈ ಐದರಲ್ಲಿ ನೇರವಾಗಿ ತೋರಿಸಿದ್ದು ಇದೊಂದೇ. ಆ ಬೋಳು ಅಡುಗೆಮನೆ ನನಗೆ ಪರಿಚಿತವೆನಿಸಿತು. ರಾಲ್ಫ್ ಮಾತುಮಾತಿಗೂ ಹೆಂಡತಿ ಆಲಿಸ್‌ಗೆ ಮುಷ್ಟಿ ತೋರಿಸುತ್ತಾನೆ. ಒಮ್ಮೆಯೂ ಹೊಡೆಯುವುದಿಲ್ಲ. ಅವಳು ಕೈಕಟ್ಟಿ ನಿಂತು, ಒಂದೇ ಮಾತಿನಲ್ಲಿ ಅವನ ಗಾಳಿ ತೆಗೆಯುತ್ತಾಳೆ. ಇಲ್ಲಿ ಮಾನ ಹೋಗುವುದು ಯಾವಾಗಲೂ ಗಂಡನದೇ. ರಸಪ್ರಶ್ನೆಯ ಕಂತಂತೂ ಅಚ್ಚುಕಟ್ಟು. ಹಾಡುಗಳ ಸ್ಪರ್ಧೆಗೆಂದು ರಾಲ್ಫ್ ರಾತ್ರಿಯೆಲ್ಲ ತಯಾರಿ ನಡೆಸುತ್ತಾನೆ. ಪಿಯಾನೋ ನುಡಿಸುವ ನಾರ್ಟನ್ ಪ್ರತಿ ಹಾಡಿಗೂ ಮೊದಲು ಬೆರಳು ಪಳಗಿಸಲು 'ಸ್ವಾನಿ ರಿವರ್' ಬಾರಿಸುತ್ತಾನೆ. ರಾಲ್ಫ್ ಪ್ರತಿ ಸಲವೂ ಸಿಡುಕುತ್ತಾನೆ. ವೇದಿಕೆಯ ಮೇಲೆ ಮೊದಲ ಪ್ರಶ್ನೆಯೇ ಆ ಹಾಡಿನ ಕರ್ತೃ ಯಾರೆಂದು. ಅವನಿಗೆ ಹೊಳೆಯುವ ಹೆಸರು ಒಂದೇ: ಎಡ್ ನಾರ್ಟನ್. ನಾನು ಕಣ್ಣೀರು ಬರುವಷ್ಟು ನಕ್ಕೆ. ಅಮ್ಮನಿಗೆ ಮಾತ್ರ ಆ ಮುಷ್ಟಿ ಸರಿಬರಲಿಲ್ಲ. "ಕೈ ಎತ್ತಿದರೇ ಹೊಡೆದ ಹಾಗೆ" ಎಂದು ನಾಲ್ಕನೆಯ ಕಂತಿಗೆ ಮಲಗಲು ಎದ್ದಳು. ನಾನೂ ವಾದಿಸಲಿಲ್ಲ.

'ಲೀವ್ ಇಟ್ ಟು ಬೀವರ್' ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸ್ಪುಟ್ನಿಕ್ ಹಾರಿದ ದಿನವೇ, 1957ರ ಅಕ್ಟೋಬರ್ 4ರಂದು, ಶುರುವಾಯಿತು. ಅಪ್ಪ ಬುದ್ಧಿ ಹೇಳುತ್ತಾನೆ, ಅಮ್ಮ ಮುತ್ತಿನ ಸರ ಹಾಕಿಕೊಂಡೇ ಮನೆಗೆಲಸ ಮಾಡುತ್ತಾಳೆ. ಹುಡುಗರು ಅಂಚೆಯಲ್ಲಿ ತರಿಸಿದ ಮೊಸಳೆಮರಿಯನ್ನು ಶೌಚಾಲಯದ ನೀರಿನ ತೊಟ್ಟಿಯಲ್ಲಿ ಬಚ್ಚಿಡುವ ಕಂತು ಚೆನ್ನಾಗಿದೆ. ಟಿವಿಯಲ್ಲಿ ಶೌಚಾಲಯ ತೋರಿಸಬಾರದೆಂದು ಬರೀ ತೊಟ್ಟಿ ತೋರಿಸಿದ್ದಾರೆ. ಉಳಿದದ್ದು ಸಪ್ಪೆ ಗಂಜಿ. ಜ್ವರ ಬಂದಾಗ ಹಿತವಾಗಬಹುದು.

ಇನ್ನು 'ದಿ ಆಂಡಿ ಗ್ರಿಫಿತ್ ಶೋ'. 1960ರಲ್ಲಿ ಶುರುವಾದ ಇದರ ಮೊದಲ ಐದು ವರ್ಷದ 159 ಕಂತುಗಳು ಕಪ್ಪು-ಬಿಳುಪು. ಉತ್ತರ ಕೆರೊಲಿನಾದ ಮೇಬೆರಿ ಎಂಬ ಕಲ್ಪಿತ ಊರು, ಅಲ್ಲಿನ ಪೊಲೀಸ್ ಅಧಿಕಾರಿ ಆಂಡಿ, ಅವನ ಸಹಾಯಕ ಬಾರ್ನಿ. ಬಾರ್ನಿಗೆ ಒಂದೇ ಗುಂಡು ಕೊಟ್ಟಿದ್ದಾರೆ, ಅದನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಬೇಕು. ಮೊದಲಿಗೆ ನಗಿಸಬೇಕಾಗಿದ್ದವನು ಆಂಡಿಯೇ. ಡಾನ್ ನಾಟ್ಸ್ ಬಾರ್ನಿಯಾಗಿ ಬಂದು ನಿಂತ ಮೇಲೆ, ನಗಿಸುವುದು ಅವನ ಕೆಲಸ, ನೋಡುತ್ತ ನಿಲ್ಲುವುದು ನನ್ನದು ಎಂದು ಗ್ರಿಫಿತ್ ಹಿಂದೆ ಸರಿದ. ಒಬ್ಬ ನಟ ತನ್ನ ಹೆಸರಿನ ಕಾರ್ಯಕ್ರಮದಲ್ಲೇ ಇನ್ನೊಬ್ಬನಿಗೆ ಜಾಗ ಬಿಟ್ಟುಕೊಟ್ಟದ್ದು ಪ್ರತಿ ಕಂತಿನಲ್ಲೂ ಕಾಣುತ್ತದೆ. ಬಾರ್ನಿ ಎಡವುತ್ತಾನೆ, ಆಂಡಿ ಕಂಡೂ ಕಾಣದಂತೆ ಏನೋ ಮಾಡಿ, ಗೆದ್ದವನು ಬಾರ್ನಿಯೇ ಎಂದು ಊರು ನಂಬುವಂತೆ ಮಾಡುತ್ತಾನೆ.

ಉಪ್ಪಿನಕಾಯಿಯ ಕಂತು (1961) ನಮ್ಮ ಮನೆಯಲ್ಲಿ ಎರಡು ರಾತ್ರಿ ಓಡಿತು. ಬೀ ಅತ್ತೆಯ ಸೌತೆಕಾಯಿ ಉಪ್ಪಿನಕಾಯಿ ಬಾಯಿಗಿಟ್ಟರೆ ಸೀಮೆಎಣ್ಣೆ. ಹೇಳುವ ಧೈರ್ಯ ಯಾರಿಗೂ ಇಲ್ಲ. ಆಂಡಿ, ಬಾರ್ನಿ ಕದ್ದು ಭರಣಿಗಳಿಗೆ ಅಂಗಡಿಯ ಉಪ್ಪಿನಕಾಯಿ ತುಂಬಿ, ಮನೆಯದನ್ನು ಊರು ದಾಟುವ ಕಾರಿನವರಿಗೆ ಹಂಚುತ್ತಾರೆ. ಅಷ್ಟರಲ್ಲಿ ಬೀ ಅತ್ತೆ ಜಾತ್ರೆಯ ಸ್ಪರ್ಧೆಗೆ ಇಡುತ್ತೇನೆ ಎನ್ನುತ್ತಾಳೆ. ಅಂಗಡಿಯ ಸರಕು ಗೆದ್ದರೆ, ವರ್ಷ ವರ್ಷವೂ ಆ ಬಹುಮಾನಕ್ಕಾಗಿಯೇ ಜೀವ ಹಿಡಿದಿರುವ ಗೆಳತಿ ಕ್ಲಾರಾಳಿಗೆ ಮೋಸ. ದಾರಿ ಒಂದೇ: ಇಷ್ಟೂ ಭರಣಿ ತಿಂದು ಮುಗಿಸಿ, ಅತ್ತೆಯಿಂದ ಹೊಸದು ಹಾಕಿಸುವುದು. ತಿನ್ನುತ್ತಾರೆ. ಅತ್ತೆ ಸೋಲುತ್ತಾಳೆ, ಬೇಸರವಿಲ್ಲ. ಇಷ್ಟು ಇಷ್ಟಪಟ್ಟು ತಿಂದಿರಲ್ಲ ಎಂದು ಮನೆಯವರಿಗಾಗಿ ಇನ್ನಷ್ಟು ಭರಣಿ ಹಾಕಿಟ್ಟಿರುತ್ತಾಳೆ.

ನಾನು ಕನ್ನಡದಲ್ಲಿ ಕತೆ ಹೇಳುತ್ತ ಹೋದೆ. ಅಮ್ಮ ಸಾಗರದ ಕಡೆಯವಳು, ಅಪ್ಪೆಮಿಡಿಗೆ ಹೆಸರಾದ ಕೈ. "ಸಾಸಿವೆ ಇಲ್ಲ, ಮೆಣಸು ಇಲ್ಲ, ಅದೇನು ಉಪ್ಪಿನಕಾಯಿ" ಎಂದು ಮೊದಲು ಮೂಗು ಮುರಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ವರ್ಷದ ಮಿಡಿ ಭರಣಿ ಏನಾಯಿತು?" ಎಂದಳು. ಎರಡು ವರ್ಷದಿಂದ ಅವಳ ಕೈಗೆ ಉಪ್ಪಿನ ಹದ ಸಿಗುತ್ತಿಲ್ಲ. ಮಗಳು ಪರದೆಯಿಂದ ಕಣ್ಣು ತೆಗೆಯದೆ, "ಖಾಲಿಯಾಯಿತು ಅಜ್ಜಿ" ಎಂದಳು.

ಆದರೂ ಮೇಬೆರಿಯನ್ನು ಕಣ್ಣುಮುಚ್ಚಿ ಮೆಚ್ಚಲಾರೆ. ಈ ಧಾರಾವಾಹಿ ಶುರುವಾಗುವ ಎಂಟು ತಿಂಗಳ ಮುಂಚೆ, 1960ರ ಫೆಬ್ರವರಿ 1ರಂದು, ಅದೇ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕುಳಿತು, ಬಡಿಸದಿದ್ದರೂ ಏಳಲಿಲ್ಲ. ಮೇಬೆರಿಯಲ್ಲಿ ಬಾಯಿಬಿಟ್ಟು ಮಾತನಾಡುವ ಕಪ್ಪು ಮನುಷ್ಯನನ್ನು ನಾವು ನೋಡಿದ ಕಂತುಗಳಲ್ಲಿ ಒಬ್ಬನನ್ನೂ ಕಾಣಲಿಲ್ಲ. ಎಲ್ಲರ ಮಾನ ಕಾಯುವ ಊರು. ಆ 'ಎಲ್ಲರ' ಎಣಿಕೆಯಲ್ಲಿ ಕೆಲವರು ಇರಲೇ ಇಲ್ಲ.

ಇದು ಮನಸ್ಸಿನಲ್ಲಿದ್ದಾಗಲೇ 'ದಿ ಡಿಕ್ ವ್ಯಾನ್ ಡೈಕ್ ಶೋ' (1961–66) ಹಾಕಿದೆ. ಬರೆದವನು ಕಾರ್ಲ್ ರೈನರ್, ಟಿವಿ ಹಾಸ್ಯ ಬರೆಯುವವರ ಕೋಣೆಯಲ್ಲಿ ತಾನು ಕಂಡದ್ದನ್ನೇ ಕತೆ ಮಾಡಿದ್ದಾನೆ. ಮಾತು ಚುರುಕು, ಅದರಿಂದಲೇ ದುಭಾಷಿಗೆ ಪ್ರಾಣಸಂಕಟ. 1963ರ ಸೆಪ್ಟೆಂಬರ್‌ನ ಒಂದು ಕಂತಿನಲ್ಲಿ, ಆಸ್ಪತ್ರೆಯಲ್ಲಿ ತನ್ನ ಮಗು ಅದಲುಬದಲಾಗಿದೆ ಎಂದು ಕಥಾನಾಯಕ ರಾಬ್ ತಲೆಕೆಡಿಸಿಕೊಂಡು, ಆ ಇನ್ನೊಂದು ದಂಪತಿಯನ್ನು ಮನೆಗೆ ಕರೆಯುತ್ತಾನೆ. ಬಾಗಿಲು ತೆರೆದರೆ ಬಂದವರು ಕಪ್ಪು ಜನ. ಫೋನಿನಲ್ಲೇ ಹೇಳಿಬಿಡಬಹುದಿತ್ತು, ನಿಮ್ಮ ಮುಖ ನೋಡಬೇಕೆನಿಸಿತು ಎಂಬ ಧಾಟಿಯಲ್ಲಿ ಅವರ ನಗು. ಪೆಚ್ಚಾದವನು ರಾಬ್ ಒಬ್ಬನೇ. ಪ್ರೇಕ್ಷಕರ ನಗು ನಿಲ್ಲುವುದೇ ಇಲ್ಲ. ಅಮ್ಮನಿಗೂ ವಿವರಣೆ ಬೇಕಾಗಲಿಲ್ಲ.

ಮಗಳ ಮತ ಇದಕ್ಕೇ. ರಾಬ್‌ನ ಹೆಂಡತಿಯಾಗಿ ನಟಿಸಿದ ಮೇರಿ ಟೈಲರ್ ಮೂರ್ ಮನೆಯಲ್ಲಿ ಪ್ಯಾಂಟ್ ಹಾಕಿ ಓಡಾಡುವುದು, ಗಂಡನಿಗೆ ಸರಿಸಮನಾಗಿ ಜಗಳವಾಡುವುದು ಅವಳಿಗೆ ಹಿಡಿಸಿತು. ನನ್ನ ಮತ, ಇಷ್ಟೆಲ್ಲ ತಕರಾರು ಇಟ್ಟುಕೊಂಡೂ, ಮೇಬೆರಿಗೆ. ಬಾರ್ನಿ ಇರುವ ಐದು ವರ್ಷಕ್ಕೆ ಮಾತ್ರ. ಬಣ್ಣ ಬಂದ ಮೇಲಿನ ಎರಡು ಕಂತು ನೋಡಿ ಕೈಬಿಟ್ಟೆ. ಹೊಸದಾಗಿ ನೋಡುವವರು ಎರಡನೆಯ ವರ್ಷದಿಂದ ಶುರುಮಾಡಬಹುದು.

ಅಮ್ಮ ಈಗ ಊರಿಗೆ ಹೋಗಿದ್ದಾಳೆ. ಕಾಲು ತೋರಿಸಲು ತಿಂಗಳಿಗೊಮ್ಮೆ ಬರುತ್ತಾಳೆ, ಚೀಲ ಇಳಿಸುವ ಮೊದಲೇ ಕೇಳುತ್ತಾಳೆ: "ಆ ಅನ್ನ ಉಕ್ಕಿಸಿದವನನ್ನು ಹಾಕು."