ಪಾಂಡವಪುರದ ಹತ್ತಿರದ ಶೆಡ್‌ನಲ್ಲಿ ನಮ್ಮ ಕ್ಯಾಂಪರ್ ವ್ಯಾನ್: 4 ಮಳೆಗಾಲ ಆದಮೇಲೆ

ನಮ್ಮದು ಹಳೇ ಟೆಂಪೋ ಟ್ರಾವೆಲರ್. ಸೀಟು ತೆಗೆಸಿ ಮಂಚ, ಸಿಂಕು, ಪುಟ್ಟ ಫ್ರಿಜ್ಜು ಹಾಕಿಸಿದ್ದೇವೆ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವುದಕ್ಕೇ ಜಗಳ, ಇನ್ನು ಇದನ್ನೆಲ್ಲಿ ನಿಲ್ಲಿಸೋದು? ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಂಡವಪುರದ ಹತ್ತಿರ ಹಳೇ ಆಲೆಮನೆಯೊಂದನ್ನು ಶೆಡ್ ಮಾಡಿಕೊಂಡಿರುವ ಕಡೆ ಬಿಡುತ್ತೇವೆ. ತಿಂಗಳಿಗೆ 2,500 ರೂಪಾಯಿ, ಕರೆಂಟು ಬೇರೆ.

ಸೂರು ಚೆನ್ನಾಗಿದೆ, ಸೋರಿಲ್ಲ. ನೆಲ ಸಿಮೆಂಟು. ಒಳಗೆ ಹೋಗುವ ದಾರಿ ಮಾತ್ರ ಕೆಸರು, ಒಮ್ಮೆ ಹೂತುಕೊಂಡು ಟ್ರ್ಯಾಕ್ಟರ್ ಕರೆಸಬೇಕಾಯಿತು.

ದೊಡ್ಡ ತೊಂದರೆ ಇಲಿ. ನಾಲೆಗೆ ನೀರು ಬಿಟ್ಟು ಗದ್ದೆಗಳೆಲ್ಲ ಕೆಸರಾದ ಮೇಲೆ ಅವು ಒಣ ಜಾಗ ಹುಡುಕಿಕೊಂಡು ಬರುತ್ತವಲ್ಲ, ಎರಡನೇ ವರ್ಷ ಹೆಡ್‌ಲೈಟ್ ವೈರಿಂಗು, ಸಿಂಕಿನ ಪೈಪು ಎರಡನ್ನೂ ಕಡಿದು ಹಾಕಿದ್ದವು. ರಿಪೇರಿಗೆ 9,000 ಹೋಯಿತು. ಮಾಲೀಕರನ್ನು ಕೇಳಿದರೆ, "ಬಾಡಿಗೆ ಜಾಗಕ್ಕೆ ಸಾರ್, ಇಲಿಗಲ್ಲ" ಅಂದರು! ಅಲ್ಲಿ ಕಾವಲಿರುವ ಅಜ್ಜ ಬಾನೆಟ್ ಒಳಗೆ ಹೊಗೆಸೊಪ್ಪು ಇಡಿ ಅಂದರು. ಇಟ್ಟೆ. ಆಮೇಲೆ ಕಡಿದಿಲ್ಲ, ಅದು ಸೊಪ್ಪಿನಿಂದಲೋ ಅಜ್ಜ ಸಾಕಿದ ಬೆಕ್ಕಿನಿಂದಲೋ ದೇವರೇ ಬಲ್ಲ.

ಅಮೆರಿಕದ ಮಿನೆಸೋಟಾದಲ್ಲಿರುವ ನಮ್ಮ ಭಾವ ಚಳಿಗಾಲಕ್ಕೆ ಮುಂಚೆ ದೋಣಿ ಎತ್ತಿ, ಇಂಜಿನ್ನಿನ ನೀರೆಲ್ಲ ಬಸಿದು ಇಡುತ್ತಾರೆ. ಅವರ ಕ್ಯಾಂಪರ್ ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಬೇರೆ ಹಾಕಬೇಕು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗಿ ಪೈಪು ಒಡೆಯುತ್ತದಂತೆ. ನಾನೂ ಟ್ಯಾಂಕು ಖಾಲಿ ಮಾಡುತ್ತೇನೆ, ಆದರೆ ನಮ್ಮ ಕಾರಣ ಸೊಳ್ಳೆಮರಿ ಮತ್ತು ಪಾಚಿ ವಾಸನೆ.

ಬ್ಯಾಟರಿ ವಿಷಯದಲ್ಲಿ ಮಾತ್ರ ಮೊದಲ ವರ್ಷ ನಾನೇ ದಡ್ಡತನ ಮಾಡಿದೆ. ವೈರು ಬಿಚ್ಚದೆ ಬಿಟ್ಟೆ, ಬಂದು ನೋಡಿದರೆ 11 ವೋಲ್ಟು, ಸತ್ತೇ ಹೋಗಿತ್ತು. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದರೆ 12.6ರ ಮೇಲಿರಬೇಕು. ಈಗ ನೆಗೆಟಿವ್ ಬಿಚ್ಚಿಡುತ್ತೇನೆ, 12.4ಕ್ಕಿಂತ ಇಳಿದರೆ ಅಜ್ಜ ಚಾರ್ಜರ್ ಸಿಕ್ಕಿಸುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ, ತೇವಕ್ಕೆ ಹಿಡಿದುಕೊಂಡುಬಿಡುತ್ತದೆ, ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಡೀಸೆಲ್ ಫುಲ್, ಫ್ರಿಜ್ ಬಾಗಿಲಿಗೆ ಹಳೇ ಟವೆಲ್ ಸಿಕ್ಕಿಸಿ ಅರೆತೆರೆದಿಡುವುದು. ಟಾರ್ಪಾಲು ಮಾತ್ರ ಬೇಡವೇ ಬೇಡ. ಒಳಗೆ ಬೆವರಿ ಹಾಸಿಗೆಗೆ ಬೂಷ್ಟು ಹಿಡಿದು, ಮನೆಯವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

5ಕ್ಕೆ 3 ಕೊಡುತ್ತೇನೆ, ಅದರಲ್ಲಿ ಒಂದು ಪೂರ್ತಿ ಅಜ್ಜನಿಗೆ. ಬಿಡುವುದಾದರೆ ಇಲಿ ಕಡಿದರೆ ಯಾರ ಖರ್ಚು ಅಂತ ಮೊದಲೇ ಬರೆಸಿಕೊಳ್ಳಿ. 2 ತಿಂಗಳ ಅಡ್ವಾನ್ಸ್ ಕೊಟ್ಟರೆ ಕರೆಂಟು ದುಡ್ಡು ಬಿಡುತ್ತಾರೆ, ನನಗೆ ಬಿಟ್ಟರು.