ಡಿಡಿ ಫ್ರೀ ಡಿಶ್: ಮೈಸೂರು, ಮಂಡ್ಯದ ತಾರಸಿಗಳಲ್ಲಿ ಹೇಗೆ ಕೆಲಸ ಮಾಡುತ್ತದೆ?

ತಿಂಗಳ ರೀಚಾರ್ಜ್ ಬೇಡ, ಇರುವಷ್ಟು ವಾಹಿನಿ ಸಾಕು ಅನ್ನುವ ಮನೆಗೆ ಡಿಡಿ ಫ್ರೀ ಡಿಶ್ ಇವತ್ತಿಗೂ ಕೊಟ್ಟ ಕಾಸಿಗೆ ಮೋಸವಿಲ್ಲದ ಸೇವೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಿನಲ್ಲಿ ಪ್ರಸಾರ ಭಾರತಿ ಶುರು ಮಾಡಿದ್ದು. ಡಿಶ್, ಎಲ್‌ಎನ್‌ಬಿ, ಬಾಕ್ಸ್, ಕೇಬಲ್ ಇಷ್ಟಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು. ಎಲ್‌ಎನ್‌ಬಿ ಅಂದರೆ ಡಿಶ್ ಮುಂದಿನ ತೋಳಿನ ತುದಿಯಲ್ಲಿ ಕೂತು ತರಂಗ ಹಿಡಿಯುವ ಪುಟ್ಟ ಭಾಗ. ಚಂದನ ಬರುತ್ತದೆ, ಆಕಾಶವಾಣಿ ಬರುತ್ತದೆ, ಮಕ್ಕಳ ಪಾಠದ ವಾಹಿನಿಗಳು ಸಾಲುಸಾಲಾಗಿ ಬರುತ್ತವೆ. ಖಾಸಗಿ ವಾಹಿನಿಗಳಲ್ಲಿ ಹಿಂದಿಯದೇ ಮೇಲುಗೈ. ಹಾಗಾಗಿ ಸಂಜೆ ಕನ್ನಡ ಧಾರಾವಾಹಿ ಬೇಕೇ ಬೇಕು ಅನ್ನುವ ಮನೆಯವರು ಕೊಳ್ಳುವ ಮುಂಚೆ ಈಗಿನ ವಾಹಿನಿಗಳ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

"ನಮ್ಮ ಏರಿಯಾದಲ್ಲಿ ಸಿಗ್ನಲ್ ಬರಲ್ಲ" ಎಂಬ ಮಾತು ಈ ಸೇವೆಯ ಬಗ್ಗೆ ಬಹಳ ಕೇಳಿಬರುತ್ತದೆ. ಇದಕ್ಕೆ ಆಧಾರವಿಲ್ಲ. ಮೊಬೈಲ್ ಟವರಿನ ಹಾಗೆ ಒಂದು ಬೀದಿಗೆ ಸಿಕ್ಕಿ ಇನ್ನೊಂದು ಬೀದಿಗೆ ಸಿಗದಿರುವ ತರಂಗ ಇದಲ್ಲ. ಮಳವಳ್ಳಿಗೂ ಹುಣಸೂರಿಗೂ ಒಂದೇ ಬಲದಲ್ಲಿ ಬೀಳುತ್ತದೆ. ಕೆಡುವುದೆಲ್ಲ ಡಿಶ್‌ನಿಂದ ಟಿವಿವರೆಗಿನ ಕೊನೆಯ ಇಪ್ಪತ್ತು ಮೂವತ್ತು ಮೀಟರಿನಲ್ಲಿ.

ತರಂಗ ಬರುವ ದಾರಿ ನೋಡಿ. ದೆಹಲಿಯ ತೋಡಾಪುರದ ಭೂಕೇಂದ್ರದಿಂದ ಕಾರ್ಯಕ್ರಮಗಳು ಜಿಸ್ಯಾಟ್-15 ಉಪಗ್ರಹಕ್ಕೆ ಏರುತ್ತವೆ. 2015ರ ನವೆಂಬರ್ 11ರಂದು ಫ್ರೆಂಚ್ ಗಯಾನಾದಿಂದ ಏರಿಯಾನ್ 5 ರಾಕೆಟ್ಟಿನಲ್ಲಿ ಹೋದ ಈ ಉಪಗ್ರಹದಲ್ಲಿ ಕೆಯು ಬ್ಯಾಂಡಿನ (ಮನೆಯ ಸಣ್ಣ ಡಿಶ್‌ಗಳು ಹಿಡಿಯುವ ಆವರ್ತನಗಳ ಗುಂಪು) 24 ಟ್ರಾನ್ಸ್‌ಪಾಂಡರ್‌ಗಳಿವೆ. ಕೆಳಗಿನಿಂದ ಬಂದ ತರಂಗವನ್ನು ಅವು ಹಿಡಿದು, ಆವರ್ತನ ಬದಲಿಸಿ, ಬಲ ಹೆಚ್ಚಿಸಿ ಮತ್ತೆ ಕೆಳಗೆ ಬಿಡುತ್ತವೆ. ಆವರ್ತನ ಬದಲಿಸದಿದ್ದರೆ ಉಪಗ್ರಹದ ಸ್ವಂತ ಪ್ರಸಾರವೇ ಅದರ ಕಿವಿಗೆ ಬಡಿದು, ಭೂಮಿಯಿಂದ ಬರುವ ಕ್ಷೀಣ ಸಿಗ್ನಲ್ ಮುಚ್ಚಿಹೋಗುತ್ತಿತ್ತು. ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಅದರ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿಯೂ ತನ್ನ ಅಕ್ಷದ ಮೇಲೆ ಅಷ್ಟರಲ್ಲೇ ಒಮ್ಮೆ ತಿರುಗುವುದರಿಂದ ನಮ್ಮ ಕಣ್ಣಿಗೆ ಅದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಲ್ಲೇ ನಿಂತಿರುತ್ತದೆ. ಹಾಗೆ ನಿಲ್ಲಿಸುವುದೂ ಒಂದು ಕೆಲಸ. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಸರಿಯುತ್ತಲೇ ಇರುತ್ತದೆ, ಆಗಾಗ ಪುಟ್ಟ ಥ್ರಸ್ಟರ್ ಉರಿಸಿ ಜಾಗಕ್ಕೆ ತರಬೇಕು. ಇಸ್ರೋದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ. ಅವರು ಅಲ್ಲಿ ನಿಗಾ ಇಡುವುದರಿಂದಲೇ ನಮ್ಮ ಡಿಶ್ ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ತಿರುಗಿಸದೆ ನಡೆಯುತ್ತದೆ.

ಇನ್ನು ನಮ್ಮ ಊರಿನ ಲೆಕ್ಕ. ಡಿಶ್ ನೋಡಬೇಕಾದ ದಿಕ್ಕು ಮೈಸೂರಿನಲ್ಲಿ ಉತ್ತರದಿಂದ ಪ್ರದಕ್ಷಿಣವಾಗಿ 125 ಡಿಗ್ರಿ, ಮಂಡ್ಯದಲ್ಲಿ 126. ಅಂದರೆ ಆಗ್ನೇಯದಿಂದ ಪೂರ್ವದ ಕಡೆಗೆ ಹತ್ತು ಡಿಗ್ರಿಯಷ್ಟು. ದಿಗಂತದಿಂದ ಮೇಲಕ್ಕೆ ಎರಡೂ ಕಡೆ ಹೆಚ್ಚುಕಮ್ಮಿ 66 ಡಿಗ್ರಿ. ಡಿಶ್ ಮನೆಯ ಆಗ್ನೇಯ ಮೂಲೆಯಲ್ಲೇ ಇರಬೇಕೆಂದು ಹಟ ಹಿಡಿಯುವುದು ಬೇಡ. ಎಲ್ಲಿಟ್ಟರೂ ಆ ದಿಕ್ಕಿನ ಆಕಾಶ ತೆರೆದಿದ್ದರೆ ಸಾಕು. 66 ಡಿಗ್ರಿ ತೀರಾ ಎತ್ತರದ ನೋಟವಾದ್ದರಿಂದ ಚಾಮುಂಡಿ ಬೆಟ್ಟದ ಬುಡದ ಬಡಾವಣೆಗಳಲ್ಲೂ ಬೆಟ್ಟ ಅಡ್ಡ ಬರುವುದಿಲ್ಲ. ತೆಂಗಿನ ಮರ ಬರಬಹುದು: ಡಿಶ್‌ಗಿಂತ 10 ಮೀಟರ್ ಎತ್ತರದ ಮರ ಆ ದಿಕ್ಕಿನಲ್ಲಿ ನಾಲ್ಕೂವರೆ ಮೀಟರಿನೊಳಗಿದ್ದರೆ ತೊಂದರೆ. ಗರಿಗಳ ಚಾಚನ್ನೂ ಸೇರಿಸಿಕೊಂಡು ಎಂಟು ಮೀಟರ್ ಬಿಟ್ಟರೆ ನಿಶ್ಚಿಂತೆ. ಒದ್ದೆ ಗರಿ ಒಣ ಗರಿಗಿಂತ ಹೆಚ್ಚು ತರಂಗ ನುಂಗುತ್ತದೆ. ಮಳೆ ನಿಂತ ಮೇಲೂ ಚಿತ್ರ ಬಾರದಿದ್ದರೆ ಮೊದಲು ಮರದ ಮೇಲೆ ಅನುಮಾನಪಡಿ.

ಕೂರಿಸುವಾಗ ಕಂಬ ನೇರ ನಿಲ್ಲಿಸುವುದು ಮೊದಲ ಕೆಲಸ. ಎರಡು ಬದಿಯಿಂದ ರಸಮಟ್ಟ ಹಿಡಿದು ನೋಡಿ. ಕಂಬ ವಾಲಿದ್ದರೆ ಡಿಶ್ ಹಿಂಬದಿಯ ಡಿಗ್ರಿ ಗುರುತೆಲ್ಲ ಸುಳ್ಳಾಗುತ್ತದೆ. ನಮ್ಮಲ್ಲಿ ಸಿಗುವ 60 ಸೆಂ.ಮೀ. ಡಿಶ್‌ಗಳು ಆಫ್‌ಸೆಟ್ ಜಾತಿಯವು, ಮುಖ ತೋರುವುದಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲಕ್ಕೆ ನೋಡುತ್ತವೆ. ಮುಖ ನಲವತ್ತು ಡಿಗ್ರಿ ಚಿಲ್ಲರೆ ಮಾತ್ರ ಹಿಂದಕ್ಕೆ ವಾಲಿರುವುದನ್ನು ಕಂಡು "ಇನ್ನೂ ಮೇಲೆತ್ತಬೇಕು" ಎಂದು ಎತ್ತಿ ಕೆಡಿಸುವವರುಂಟು. ಹಿಂಬದಿಯ ಸ್ಕೇಲ್ 66 ತೋರಿಸಿದರೆ ಅದನ್ನೇ ನಂಬಿ. ಫೋನಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬ, ಟ್ಯಾಂಕ್ ಸ್ಟ್ಯಾಂಡಿನ ಹತ್ತಿರ ಹಿಡಿಯಬೇಡಿ, ಎರಡು ಮೂರು ಮೀಟರ್ ದೂರ ನಿಂತು ದಿಕ್ಕು ಗುರುತು ಮಾಡಿಕೊಳ್ಳಿ.

ಬಾಕ್ಸಿನಲ್ಲಿ ಎಲ್‌ಎನ್‌ಬಿ ಬಗೆ ಯುನಿವರ್ಸಲ್, 9750/10600 ಎಂದಿರಲಿ. ಗಾಳಿಯಲ್ಲಿ 11170 ಮೆಗಾಹರ್ಟ್ಸ್‌ನಲ್ಲಿ ಬಂದ ತರಂಗದಿಂದ ಎಲ್‌ಎನ್‌ಬಿ 9750 ಕಳೆದು 1420 ಮಾಡಿ ಕೇಬಲ್ಲಿಗೆ ಇಳಿಸುತ್ತದೆ. ಮೂಲ ಆವರ್ತನ ಕೇಬಲ್ಲಿನಲ್ಲಿ ಕೆಲವೇ ಮೀಟರಿಗೆ ಸೊರಗಿಹೋಗುತ್ತದೆ, ಅದಕ್ಕೇ ಈ ಏರ್ಪಾಟು. ಬಾಕ್ಸಿಗೆ ತಪ್ಪು ಸಂಖ್ಯೆ ಕೊಟ್ಟಿದ್ದರೆ ಡಿಶ್ ಎಷ್ಟೇ ಸರಿಯಿದ್ದರೂ ಪರದೆ ಖಾಲಿ. ಆಮೇಲೆ ಟ್ರಾನ್ಸ್‌ಪಾಂಡರ್ 11170, ವರ್ಟಿಕಲ್, ಸಿಂಬಲ್ ರೇಟ್ 29500 ಇಟ್ಟುಕೊಂಡು ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಪ್ರತಿಸಲ ಎರಡು ಮೂರು ಸೆಕೆಂಡ್ ಕಾಯಿರಿ. ಬಾಕ್ಸ್ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸುವವರು ಸರಿಯಾದ ಜಾಗ ದಾಟಿಹೋಗುತ್ತಾರೆ. ನೋಡಬೇಕಾದ್ದು ಕ್ವಾಲಿಟಿ ಪಟ್ಟಿಯನ್ನು. ಸ್ಟ್ರೆಂಗ್ತ್ ಪಟ್ಟಿ ಡಿಶ್ ಗೋಡೆ ನೋಡುತ್ತಿದ್ದರೂ ಏರುತ್ತದೆ, ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ ಎಂಬುದಕ್ಕಿಂತ ಹೆಚ್ಚೇನೂ ಅದು ಹೇಳುವುದಿಲ್ಲ. ಪಕ್ಕದ 91.5 ಡಿಗ್ರಿಯಲ್ಲಿ ಇನ್ನೊಂದು ಉಪಗ್ರಹವಿರುವುದರಿಂದ, ಕ್ವಾಲಿಟಿ ಬಂದ ಮೇಲೆ ಸ್ಕ್ಯಾನ್ ಮಾಡಿ ದೂರದರ್ಶನದ ವಾಹಿನಿಗಳೇ ಬಂದಿವೆಯೇ ಎಂದು ಖಚಿತಪಡಿಸಿಕೊಳ್ಳಿ.

ಹೆಚ್ಚಿನ ಕಡೆ ಬಿಟ್ಟುಹೋಗುವ ಹೆಜ್ಜೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೆ ತಿರುಗಿಸುವುದು. ಉಪಗ್ರಹ ನಮ್ಮ ರೇಖಾಂಶಕ್ಕಿಂತ 17 ಡಿಗ್ರಿಯಷ್ಟು ಪೂರ್ವದಲ್ಲಿರುವುದರಿಂದ, ಅಲ್ಲಿ ಲಂಬವಾಗಿ (ವರ್ಟಿಕಲ್) ಕಂಪಿಸುತ್ತ ಹೊರಟ ತರಂಗದ ಕಂಪನ ಇಲ್ಲಿಗೆ ಬರುವಾಗ ಓರೆಯಾಗಿರುತ್ತದೆ. ಲೆಕ್ಕಕ್ಕೆ ಈ ಓರೆ ಐವತ್ತು ಡಿಗ್ರಿಗೂ ಮೇಲೆ. ಡಿಶ್ ಹಿಂದೆ ನಿಂತು ಉಪಗ್ರಹದ ಕಡೆ ಮುಖ ಮಾಡಿದಾಗ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಅಷ್ಟು ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚಿರುವಲ್ಲಿ ಬಿಗಿ ಮಾಡಿ. ಇದನ್ನು ಮಾಡದಿದ್ದರೂ ಬಿಸಿಲಿನಲ್ಲಿ ಚಿತ್ರ ಬರಬಹುದು. ಮೋಡ ಕವಿದಾಗ ಮೊದಲು ಹೋಗುವುದು ಇಂಥ ಡಿಶ್ಶೇ.

ಕೆಯು ಬ್ಯಾಂಡಿಗೆ ಜೋರು ಮಳೆ ಶತ್ರು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಹತ್ತಿಪ್ಪತ್ತು ನಿಮಿಷ ಚಿತ್ರ ಹೋದರೆ ಅದು ಸಹಜ. ಪ್ರತಿ ತುಂತುರಿಗೂ ಹೋಗುತ್ತಿದ್ದರೆ ಕೂರಿಸಿದ್ದರಲ್ಲಿ ಕೊರತೆಯಿದೆ. ಎಲ್ಲ ಸರಿಮಾಡಿದ ಮೇಲೂ ಸಾಲದೆನಿಸಿದರೆ 90 ಸೆಂ.ಮೀ. ಡಿಶ್ ಹಾಕಿಸಿ. ವಿಸ್ತೀರ್ಣ ಎರಡೂಕಾಲು ಪಟ್ಟು, ಸಿಗ್ನಲ್ ಮೂರೂವರೆ ಡೆಸಿಬೆಲ್ ಜಾಸ್ತಿ. ಕೇಬಲ್ ಆರ್‌ಜಿ-6 ಇರಲಿ, ನಡುವೆ ಜೋಡಣೆ ಬೇಡ. ಕನೆಕ್ಟರ್ ಕಟ್ಟುವಾಗ ಹೊರಹೆಣಿಗೆಯ ಒಂದೇ ಎಳೆ ನಡುತಂತಿಗೆ ತಾಗಿದರೂ ಶಾರ್ಟ್ ಆಗಿ ಎಲ್‌ಎನ್‌ಬಿಗೆ ಕರೆಂಟ್ ನಿಲ್ಲುತ್ತದೆ. ಎಲ್‌ಎನ್‌ಬಿ ಹತ್ತಿರ ಕೇಬಲ್ಲನ್ನು ಒಂದು ಸುತ್ತು ಇಳಿಬಿಟ್ಟು ಕಟ್ಟಿ. ನೀರು ಕನೆಕ್ಟರಿಗೆ ಹರಿಯದೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕುಬಿಟ್ಟರೆ ಒಳಗೆ ನೀರಿಳಿಯುತ್ತದೆ. ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗದೆ ಹೊಸದು ಹಾಕುವುದೇ ಮೇಲು.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ, ಬೆಳಿಗ್ಗೆ 11ರ ಆಸುಪಾಸು ಕೆಲವು ನಿಮಿಷ ಚಿತ್ರ ಒಡೆಯುತ್ತದೆ. ಸೂರ್ಯ ಆಗ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು, ಅದರ ರೇಡಿಯೋ ಗದ್ದಲ ಸಿಗ್ನಲನ್ನು ಮುಳುಗಿಸುತ್ತದೆ. ಆಗ ಯಾರೂ ನಟ್ಟು ಸಡಿಲಿಸಬೇಡಿ, ತಾನೇ ಸರಿಹೋಗುತ್ತದೆ. ಅದೇ ಹೊತ್ತಿಗೆ ತಾರಸಿಗೆ ಹೋಗಿ ನೋಡಿದರೆ ಒಂದು ಉಪಯೋಗವುಂಟು: ಡಿಶ್ ಮೇಲೆ ಮರದ ನೆರಳು ಬಿದ್ದಿದ್ದರೆ ಸಿಗ್ನಲ್ಲಿಗೂ ಅದೇ ಮರ ಅಡ್ಡ. ಯಾವ ಗರಿ ಇಳಿಸಬೇಕೆಂದು ಅಲ್ಲೇ ಗೊತ್ತಾಗುತ್ತದೆ.

ಹಳೆಯ ಎಂಪೆಗ್-2 (ಚಿತ್ರವನ್ನು ಅಡಕಗೊಳಿಸಿ ಕಳಿಸುವ ಹಳೆಯ ವಿಧಾನ) ಬಾಕ್ಸ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ, ಎಂಪೆಗ್-4ರಲ್ಲಿ ಬರುವ ವಾಹಿನಿಗಳು ಅದರಲ್ಲಿ ತೆರೆಯುವುದಿಲ್ಲ. ಬೇರೆ ಸಂಪರ್ಕದ ಹಳೇ ಡಿಶ್ ತಾರಸಿಯಲ್ಲಿದ್ದರೆ ಧಾರಾಳವಾಗಿ ಬಳಸಿ. 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹಕ್ಕೆ ಕಟ್ಟಿದ್ದಾದರೆ ಮೈಸೂರಿನಲ್ಲಿ ಅದನ್ನು ಪೂರ್ವಕ್ಕೆ 27 ಡಿಗ್ರಿ ತಿರುಗಿಸಿ 8 ಡಿಗ್ರಿ ತಗ್ಗಿಸಬೇಕು. ಖಾಸಗಿ ವಾಹಿನಿಗಳ ಜಾಗ ಹರಾಜಾಗುವುದರಿಂದ ಪಟ್ಟಿ ಆಗಾಗ ಬದಲಾಗುತ್ತದೆ. ನೋಡುತ್ತಿದ್ದ ವಾಹಿನಿ ಮಾಯವಾದರೆ ಡಿಶ್ ಮುಟ್ಟುವ ಮುಂಚೆ ಬಾಕ್ಸಿನಲ್ಲಿ ಒಮ್ಮೆ ಮರುಸ್ಕ್ಯಾನ್ ಮಾಡಿ.